ಜೀನ್ಸ್ ಹೊಲಿಯುವ ಊರಿನಲ್ಲಿ ಹರಿದ ಬಟ್ಟೆಗಳಿಗೊಂದು ಕೂಟ ಬೇಡವೇ?

ಗಾಂಧಿನಗರ ನಿವಾಸಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಒಂದಿಷ್ಟು ಜನ ಒಂದೆಡೆ ಸೇರಬೇಕು. ಹರಿದು ಮೂಲೆ ಸೇರಿದ ಬಟ್ಟೆಗಳನ್ನು ತರಬೇಕು. ಬಲ್ಲವರ ಪಕ್ಕದಲ್ಲಿ ಕೂತು ತಾವೇ ಅವನ್ನು ಸರಿಪಡಿಸಿಕೊಳ್ಳಬೇಕು. ಇಂಥದೊಂದು ಕೂಟವನ್ನು ಬಳ್ಳಾರಿಯಲ್ಲಿ ಶುರು ಮಾಡುವ ಆಸೆ ನನ್ನದು. ನಿಮ್ಮ ಸಲಹೆ ಬೇಕು, ಆಕ್ಷೇಪ ಅದಕ್ಕಿಂತ ಹೆಚ್ಚು ಬೇಕು.

ಬೇರೆ ಊರುಗಳಲ್ಲಿ ಇದು ನಡೆಯುತ್ತಿದೆ. ಮಾರ್ಟಿನ್ ಪೋಸ್ಟ್ಮಾ ಎಂಬ ಪತ್ರಕರ್ತೆ 2009ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ ‘ರಿಪೇರಿ ಕೆಫೆ’ ನಡೆಸಿದರು. ಬೆಂಗಳೂರಿನಲ್ಲಿ 2015ರಲ್ಲಿ ಅಂಥ ಕೂಟ ಆರಂಭವಾಯಿತು. ಅಲ್ಲಿನ ಒಂದು ರೂಢಿ ನನಗೆ ಬಹಳ ಹಿಡಿಸಿತು: ವಸ್ತುವನ್ನು ಒಪ್ಪಿಸಿ ಹೋಗಿ ಸಂಜೆ ಬಂದು ಒಯ್ಯುವ ಲೆಕ್ಕ ಅಲ್ಲಿಲ್ಲ, ತಂದವರೂ ಜೊತೆಗೆ ಕೂತು ಕೈ ಹಚ್ಚಬೇಕು.

ಬಟ್ಟೆಯ ವಿಷಯದಲ್ಲಾದರೆ ಈ ಕೆಲಸ ನಮ್ಮ ಊರಿನಲ್ಲೇ ಮೊದಲು ಆಗಬೇಕಿತ್ತು. ಇಲ್ಲಿ ಓಣಿ ಓಣಿಯಲ್ಲೂ ಹೊಲಿಗೆ ಯಂತ್ರದ ಸದ್ದಿದೆ. ಮಧ್ಯಾಹ್ನ ಯಾವುದೇ ಬೀದಿಗೆ ಹೋದರೂ ಹೊಸ್ತಿಲ ಮೇಲೆ ಕೂತು ಜೀನ್ಸ್‌ಗಳ ದಾರದ ತುದಿ ಕತ್ತರಿಸುವ ಹೆಣ್ಣುಮಕ್ಕಳು ಕಾಣುತ್ತಾರೆ. ಅಂಥ ಊರಿನಲ್ಲಿ, ತೊಡೆಯ ಸಂದಿ ಹರಿಯಿತೆಂಬ ಒಂದೇ ಕಾರಣಕ್ಕೆ ಗಟ್ಟಿಮುಟ್ಟಾದ ಪ್ಯಾಂಟು ಕಸದ ಗಾಡಿಗೆ ಹೋಗುತ್ತಿದೆ. ಒಂದು ಜೀನ್ಸ್ ಪ್ಯಾಂಟಿನ ಇಡೀ ಆಯುಷ್ಯಕ್ಕೆ, ಹತ್ತಿ ಬೆಳೆಯುವುದರಿಂದ ಹಿಡಿದು ಮನೆಯಲ್ಲಿ ಒಗೆಯುವವರೆಗೆ, 3,781 ಲೀಟರ್ ನೀರು ಬೇಕಾಗುತ್ತದೆ ಎಂದು ಲೀವೈಸ್ ಕಂಪನಿಯೇ 2015ರಲ್ಲಿ ಲೆಕ್ಕ ಕೊಟ್ಟಿದೆ. ಬೇಸಿಗೆ ಬಂತೆಂದರೆ ನಲ್ಲಿ ನೀರಿಗೆ ದಾರಿ ಕಾಯುವ ನಾವು ಆ ಲೆಕ್ಕವನ್ನು ಸುಮ್ಮನೆ ಓದಿ ಬಿಡುವಂತಿಲ್ಲ.

ಎಲ್ಲಿ ಸೇರೋಣ, ಯಾರು ಕಲಿಸಬೇಕು, ಏನನ್ನು ತರಬಹುದು, ಏನನ್ನು ತರಬಾರದು? ದಯವಿಟ್ಟು ಹೇಳಿ.

ಸತ್ಯನಾರಾಯಣಪೇಟೆ

ನಾನು ಬರುತ್ತೇನೆ. ಮನೆಯಲ್ಲಿ ಜಿಪ್ ಕೆಟ್ಟ ಪ್ಯಾಂಟುಗಳದೇ ಒಂದು ಗಂಟು ಇದೆ.

ರಿಪೇರಿ ಟೈಲರ್, ಕೌಲ್‌ಬಜಾರ್

ಸರ್, ನಿಮ್ಮ ಉದ್ದೇಶ ಒಳ್ಳೆಯದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ನನ್ನ ಮಾತನ್ನು ಕೇಳಿಸಿಕೊಳ್ಳಬೇಕು.

ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾಗಿ ಎಷ್ಟೋ ಕಾಲವಾಯಿತು. ರೆಡಿಮೇಡ್ ಬಂದ ಮೇಲೆ ನನ್ನಂಥವರು ಅಂಗಡಿ ಬಿಟ್ಟು ಮರದ ನೆರಳಿಗೆ ಮಶೀನು ತಂದಿಟ್ಟುಕೊಂಡೆವು. ಈಗ ನಮ್ಮ ಅನ್ನ ಯಾವುದರಲ್ಲಿದೆ? ಉದ್ದ ಕಡಿಮೆ ಮಾಡುವುದು, ಸೊಂಟ ಬಿಗಿ ಮಾಡುವುದು, ಜಿಪ್ ಬದಲಿಸುವುದು, ಶಾಲೆಯ ಬ್ಯಾಗಿಗೆ ಪಟ್ಟಿ ಹಾಕುವುದು. ಇಷ್ಟೇ. ನೀವು ಭಾನುವಾರ ಸಭೆ ಸೇರಿಸಿ ಇದನ್ನೇ ಪುಕ್ಕಟೆ ಮಾಡಿಕೊಟ್ಟರೆ ನಮ್ಮ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ದೊಡ್ಡ ಊರುಗಳಲ್ಲಿ ರಿಪೇರಿ ಮಾಡುವವರು ಸಿಗುವುದಿಲ್ಲ, ಅದಕ್ಕೆ ಅಲ್ಲಿ ಇಂಥ ಕೂಟ ಬೇಕಾಗಿರಬಹುದು. ಬಳ್ಳಾರಿಯಲ್ಲಿ ನಾವು ಇದ್ದೇವಲ್ಲ!

ಇನ್ನೊಂದು ಮಾತು. ಐವತ್ತು ರೂಪಾಯಿ ಕೂಲಿ ಹೇಳಿದರೆ ಚೌಕಾಸಿ ಮಾಡುವವರೇ ಸಾವಿರ ರೂಪಾಯಿಯ ಪ್ಯಾಂಟನ್ನು ಮರುಮಾತಿಲ್ಲದೆ ಕೊಳ್ಳುತ್ತಾರೆ. ರಿಪೇರಿ ಕೆಲಸಕ್ಕೆ ಬೆಲೆಯಿಲ್ಲ ಎಂಬ ಭಾವನೆ ಮೊದಲೇ ಇದೆ. ಪುಕ್ಕಟೆ ಮಾಡಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಗಾಂಧಿನಗರ ನಿವಾಸಿ, ಬಳ್ಳಾರಿ

ಅಣ್ಣ, ಈ ಮಾತು ಬರಲೇಬೇಕಿತ್ತು, ಬಂದದ್ದು ಒಳ್ಳೆಯದಾಯಿತು. ಕಲಿಸುವ ಟೈಲರ್‌ಗಳಿಗೆ ಅರ್ಧ ದಿನದ ಪೂರ್ತಿ ಸಂಬಳ ಕೊಡದೆ ಕೂಟ ನಡೆಯಬಾರದು ಎಂಬುದು ನನ್ನ ನಿಲುವು. ಅದಕ್ಕಾಗಿ ಬರುವವರೆಲ್ಲ ತಲಾ ಇಷ್ಟು ಎಂದು ಹಾಕೋಣ. ಕೊಡಲಾಗದವರು ಹಾಕುವುದು ಬೇಡ, ಅದನ್ನು ಯಾರೂ ಕೇಳುವುದೂ ಬೇಡ. ಯಾವ ಕೆಲಸವನ್ನು ಕಲಿಸಬೇಕು, ಯಾವುದನ್ನು ನಿಮ್ಮ ಅಂಗಡಿಗೇ ಕಳುಹಿಸಬೇಕು ಎಂಬುದನ್ನು ನೀವೇ ಗೆರೆ ಎಳೆದು ಹೇಳಿ.

ರಿಪೇರಿ ಟೈಲರ್, ಕೌಲ್‌ಬಜಾರ್

ಹಾಗಾದರೆ ಸರಿ. ಗುಂಡಿ, ಹುಕ್ಕು, ಬಿಚ್ಚಿದ ಹೊಲಿಗೆ, ಕೈಯಲ್ಲಿ ಹಾಕುವ ತೇಪೆ, ಸಣ್ಣ ರಫೂ, ಇವು ಪ್ರತಿ ಮನೆಯವರಿಗೂ ಬರಬೇಕು. ನಮ್ಮ ಹತ್ತಿರ ಇದಕ್ಕಾಗಿ ಯಾರೂ ಬರುವುದಿಲ್ಲ, ಬಟ್ಟೆಯನ್ನೇ ಎಸೆಯುತ್ತಾರೆ. ಜಿಪ್ ಬದಲಿಸುವುದು, ಸೊಂಟ ಬಿಚ್ಚಿ ಕಟ್ಟುವುದು, ಒಳಪದರ ಹಾಕುವುದು, ಇವು ಮಶೀನಿನ ಕೆಲಸ. ಇವಕ್ಕೆ ಅಲ್ಲಿಯೇ ದರದ ಪಟ್ಟಿ ಹಾಕೋಣ, ಮಾಮೂಲು ದರವೇ ಇರಲಿ.

ಕಟಿಂಗ್ ಮಾಸ್ಟರ್, ಬಳ್ಳಾರಿ

ನಾನು ಜೀನ್ಸ್ ಘಟಕದಲ್ಲಿ ಬಟ್ಟೆ ಕತ್ತರಿಸುವವನು. ಚಿಂದಿಯ ಬಗ್ಗೆ ಯಾರೂ ಮಾತನಾಡಿಲ್ಲವಾದ್ದರಿಂದ ನಾನು ಹೇಳುತ್ತೇನೆ.

ಉದ್ದನೆಯ ಮೇಜಿನ ಮೇಲೆ ಡೆನಿಮ್ ಥಾನುಗಳನ್ನು ಪದರ ಪದರವಾಗಿ ಹಾಸುತ್ತೇವೆ. ಮೇಲೆ ಪ್ಯಾಂಟಿನ ಭಾಗಗಳ ಆಕಾರ ಬರೆದ ಮಾರ್ಕರ್ ಹಾಳೆ ಇಟ್ಟು ಕಟರ್ ಓಡಿಸುತ್ತೇವೆ. ಎಷ್ಟೇ ಬಿಗಿಯಾಗಿ ಮಾರ್ಕರ್ ಹಾಕಿದರೂ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಬಟ್ಟೆ ತುಂಡುಗಳಾಗಿ ಉಳಿಯುತ್ತದೆ. ಪ್ಯಾಂಟಿನ ಕಾಲಿನ ಆಕಾರವೇ ಹಾಗೆ, ಎರಡು ಕಾಲುಗಳ ನಡುವೆ ಬಾಗಿದ ಉದ್ದನೆಯ ಸೀಳು ಬಂದೇ ಬರುತ್ತದೆ. ಆ ಸೀಳಿನ ಅಗಲವಾದ ತುದಿಯಲ್ಲಿ ಜೇಬಿನಷ್ಟು ಬಟ್ಟೆ ಸಿಗುತ್ತದೆ, ಉಳಿದದ್ದು ಬೆರಳಗಲ. ದೊಡ್ಡ ತುಂಡುಗಳನ್ನು ಗುಜರಿಯವರು ಒಯ್ಯುತ್ತಾರೆ. ಸಣ್ಣವು ಚೀಲಗಳಲ್ಲಿ ರಸ್ತೆ ಬದಿ ಸೇರಿ ರಾತ್ರಿ ಬೆಂಕಿ ಕಾಣುವುದನ್ನು ನಾನು ನೋಡಿದ್ದೇನೆ. ಬಣ್ಣ, ರಾಸಾಯನಿಕ, ಎಲಾಸ್ಟಿಕ್ ದಾರ ಎಲ್ಲ ಸೇರಿ ಸುಡುವ ಆ ಹೊಗೆಯಲ್ಲಿ ಮಕ್ಕಳು ಮಲಗುತ್ತಾರೆ. 2023ರ ಚುನಾವಣೆಯಲ್ಲಿ ಬಳ್ಳಾರಿಗೆ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕ್ ಎಂಬ ಭರವಸೆ ಕೇಳಿದೆವು. ಎಷ್ಟು ಕೋಟಿಯ ಪಾರ್ಕ್ ಬಂದರೂ ಚಿಂದಿ ಎಲ್ಲಿ ಹೋಗಬೇಕೆಂದು ಮೊದಲೇ ತೀರ್ಮಾನವಾಗದಿದ್ದರೆ ಈ ಹೊಗೆ ನಿಲ್ಲುವುದಿಲ್ಲ.

ಕೂಟಕ್ಕೆ ತುಂಡುಗಳನ್ನು ಕೊಡಿಸುವುದು ನನ್ನ ಜವಾಬ್ದಾರಿ, ಮಾಲೀಕರು ಒಪ್ಪುತ್ತಾರೆ. ಆದರೆ ಚೀಲ ಬಂದ ದಿನವೇ ಮೂರು ಗುಂಪು ಮಾಡಿ ಇಡಬೇಕು: ಅಂಗೈಗಿಂತ ದೊಡ್ಡವು, ಪಟ್ಟಿಗಳು, ಪುಡಿ ಚಿಂದಿ. ಹಿಗ್ಗುವ ಬಟ್ಟೆಯನ್ನು ಹಿಗ್ಗದ್ದರ ಜೊತೆ ಬೆರೆಸಲೇಬಾರದು. ಎರಡನ್ನೂ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಸುಕ್ಕುಗಟ್ಟಿ ಸೊಟ್ಟಗಾಗುತ್ತದೆ.

ಕುರುಗೋಡು ಕಡೆಯ ಅಕ್ಕ

ತಮ್ಮ, ಡೆನಿಮ್ ತುಂಡಿನಿಂದ ಕೌದಿ ಮಾಡೋಣ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದು ಆಗುವ ಮಾತಲ್ಲ.

ನಾನು ಕೌದಿ ಹೊಲಿಯುತ್ತೇನೆ, ನನ್ನ ಅತ್ತೆಯೂ ಹೊಲಿಯುತ್ತಿದ್ದರು. ಕೌದಿಗೆ ಬೇಕಾದದ್ದು ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆ. ಅದನ್ನು ನೆಲಕ್ಕೆ ಹಾಸಿ, ಮೇಲೆ ಇನ್ನೊಂದು, ನಡುವೆ ಹರಿದ ಧೋತರ, ಹಳೆಯ ಲುಂಗಿ. ಸುತ್ತ ನಾಲ್ಕು ಜನ ಕೂತು ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತೇವೆ. ಹೊಲಿಗೆ ಜೋಳದ ಕಾಳಿನಷ್ಟು ಚಿಕ್ಕದಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ಹಾಗೆ ಪದರ ಪದರವಾಗಿ ಹಾಸಿದ ಡೆನಿಮ್‌ಗೆ ಕೈಸೂಜಿ ಇಳಿಯುವುದಿಲ್ಲ, ಬೆರಳು ಸೀಳುತ್ತದೆ. ಒದ್ದೆಯಾದರೆ ಇಬ್ಬರು ಹೆಂಗಸರಿಗೂ ಎತ್ತಲಾಗದಷ್ಟು ಭಾರ. ಮಳೆಗಾಲದಲ್ಲಿ ಒಣಗುವುದಿಲ್ಲ, ವಾಸನೆ ಬರುತ್ತದೆ.

ಕೂಟಕ್ಕೆ ನಾನು ಬಂದು ಕೌದಿ ಕಲಿಸುತ್ತೇನೆ, ಕೂಸಿನ ತಲೆಗೆ ಹಾಕುವ ಕುಂಚಿಗೆಯನ್ನೂ ಕಲಿಸುತ್ತೇನೆ. ಈಗಿನ ಬಾಣಂತಿಯರು ಅಂಗಡಿಯಿಂದ ನೈಲಾನ್ ಟೋಪಿ ತಂದು ಕೂಸಿನ ತಲೆಗೆ ಹಾಕುತ್ತಾರೆ, ನಮ್ಮ ಈ ಬಿಸಿಲಿನಲ್ಲಿ! ಅಜ್ಜಿಯ ಸೀರೆಯ ಮೆತ್ತನೆಯ ತುಂಡಿನಲ್ಲಿ ಒಂದು ಕುಂಚಿಗೆ ಹೊಲಿದು ಕೊಡಿ, ಕೂಸು ನಿದ್ದೆ ಮಾಡುವುದನ್ನು ನೋಡಿ. ಸಿಂಥೆಟಿಕ್ ಸೀರೆ ಮಾತ್ರ ತರಬೇಡಿ. ಅದು ಬೆವರು ಹೀರುವುದಿಲ್ಲ, ಕೌದಿಯೊಳಗೆ ಜಾರುತ್ತದೆ.

ವಿದ್ಯಾರ್ಥಿನಿ, ಬಳ್ಳಾರಿ

ಅಕ್ಕ, ಸೀರೆ ಹತ್ತಿಯದೋ ಪಾಲಿಯೆಸ್ಟರೋ ಎಂದು ಗುರುತಿಸುವುದು ಹೇಗೆ? ಈಗ ಎಲ್ಲವೂ ನೋಡಲು ಒಂದೇ ರೀತಿ ಇರುತ್ತವೆ.

ಕಟಿಂಗ್ ಮಾಸ್ಟರ್, ಬಳ್ಳಾರಿ

ಅಕ್ಕನವರ ಬದಲು ನಾನು ಹೇಳುತ್ತೇನಮ್ಮ. ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಬಯಲಿನಲ್ಲಿ ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮುಟ್ಟಿದರೆ ಉದುರುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಮುದುಡಿ ಕರಗಿ, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಕಪ್ಪು ಮಣಿ ನಿಲ್ಲುತ್ತದೆ. ಮಿಶ್ರ ಬಟ್ಟೆಯಲ್ಲಿ ಎರಡೂ ಸ್ವಲ್ಪ ಸ್ವಲ್ಪ ಕಾಣುತ್ತದೆ. ಕರಗಿದ ತುದಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮಕ್ಕೆ ಅಂಟಿ ಸುಡುತ್ತದೆ.

ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ

ಇಲ್ಲಿ ಹತ್ತಿ ಬಿಡಿಸುವವರ ಮಾತನ್ನೂ ಸೇರಿಸಿ. ನಾವು ಹೊಲಕ್ಕೆ ಹೋಗುವಾಗ ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತೇವೆ. ಬಿಸಿಲು ತಡೆಯಬೇಕು, ಒಣಗಿದ ಹತ್ತಿಕಾಯಿಯ ತೊಟ್ಟು ಗೀರುವುದನ್ನೂ ತಡೆಯಬೇಕು. ಮೆಣಸಿನಕಾಯಿ ಬಿಡಿಸುವಾಗಲೂ ಅದೇ ಅಂಗಿ. ಅಂದರೆ ಮನೆಯಲ್ಲಿ ಅಂಗಿ ಹಳೆಯದಾದ ಮೇಲೆ ಅದಕ್ಕೆ ಇನ್ನೊಂದು ಕೆಲಸ ಹುಟ್ಟುತ್ತದೆ. ಆದರೆ ಆ ಅಂಗಿ ಗಂಡಸರ ಮೈಗೆ ಹೊಲಿದದ್ದು. ತೋಳು ಉದ್ದ, ಭುಜ ಜೋತು ಬೀಳುತ್ತದೆ, ತೋಳಿನ ತುದಿ ಗಿಡಕ್ಕೆ ಸಿಕ್ಕಿ ಹರಿಯುತ್ತದೆ. ನಿಮ್ಮ ಕೂಟದಲ್ಲಿ ಹಳೆಯ ಅಂಗಿಗಳ ಭುಜವನ್ನು ಒಳಗೆ ಹಿಡಿದು, ತೋಳಿನ ತುದಿಗೆ ಹೆಬ್ಬೆರಳು ತೂರುವಷ್ಟು ಕಿಂಡಿ ಬಿಟ್ಟು ಹೊಲಿದುಕೊಟ್ಟರೆ ಅಂಗೈಯ ಹಿಂಭಾಗವೂ ಮುಚ್ಚುತ್ತದೆ. ಮೊಣಕೈಗೆ ಆ ಡೆನಿಮ್ ತುಂಡನ್ನೇ ತೇಪೆ ಹಾಕಿ. ದುಡ್ಡು ಕೊಟ್ಟೇ ಕೊಳ್ಳುತ್ತೇವೆ.

ದುಡ್ಡು ಕೊಟ್ಟು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. 2009ರ ನೆರೆ ಬಂದಾಗ ನಮ್ಮ ಕಡೆಯ ಊರುಗಳಿಗೆ ಲಾರಿಗಟ್ಟಲೆ ಹಳೆಯ ಬಟ್ಟೆ ಬಂತು. ಒಗೆಯದ, ಗುಂಡಿ ಕಿತ್ತ, ಹೊಲಸು ಬಟ್ಟೆ. ಮನೆ ಕಳೆದುಕೊಂಡವರಿಗೆ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ, ಶಾಲೆಯ ಅಂಗಳದಲ್ಲೇ ಕೊಳೆಯಿತು. ಬೇಡದ್ದನ್ನು ಬಡವರಿಗೆ ಕೊಟ್ಟು ದಾನವೆಂದು ಹೇಳಿಕೊಳ್ಳುವ ಕೂಟ ಇದಾಗಬಾರದು.

ಕೊಪ್ಪಳದ ಮೇಷ್ಟ್ರು

ಸಿಂಧನೂರಿನ ಸಹೋದರಿ ಹೇಳಿದ್ದು ನೂರಕ್ಕೆ ನೂರು ಸತ್ಯ. 1999ರಲ್ಲಿ ಅಂಶು ಗುಪ್ತಾ ಅವರು ಕಟ್ಟಿದ ‘ಗೂಂಜ್’ ಸಂಸ್ಥೆಯ ರೀತಿ ನನಗೆ ನೆನಪಾಗುತ್ತದೆ. ಅವರು ನಗರದ ಬಟ್ಟೆಯನ್ನು ವಿಂಗಡಿಸಿ, ಸರಿಪಡಿಸಿ, ಹಳ್ಳಿಗೆ ಒಯ್ಯುತ್ತಾರೆ. ಅಲ್ಲಿ ಜನ ತಮ್ಮ ಊರಿಗೇ ಬೇಕಾದ ಬಾವಿಯನ್ನೋ ರಸ್ತೆಯನ್ನೋ ದುರಸ್ತಿ ಮಾಡಿಕೊಂಡು, ಆ ದುಡಿಮೆಯ ಪ್ರತಿಫಲವಾಗಿ ಬಟ್ಟೆ ಪಡೆಯುತ್ತಾರೆ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನನ್ನ ಕಾಳಜಿ ಶಾಲಾ ಸಮವಸ್ತ್ರದ್ದು. ಮಕ್ಕಳು ವರ್ಷದೊಳಗೆ ಗೇಣುದ್ದ ಬೆಳೆಯುತ್ತಾರೆ. ಮೊದಲು ತಾಯಂದಿರು ಲಂಗದ ಅಂಚನ್ನು ಎರಡು ಮಡಿಕೆ ಒಳಗೆ ಹೊಲಿಸಿಟ್ಟು ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದರು. ಈಗಿನ ಸಮವಸ್ತ್ರದಲ್ಲಿ ಬಿಚ್ಚಲು ಅರ್ಧ ಇಂಚೂ ಇರುವುದಿಲ್ಲ. ಡಿಸೆಂಬರ್ ಹೊತ್ತಿಗೆ ಹುಡುಗರ ಚಡ್ಡಿಯ ಹಿಂಭಾಗ ಹರಿದು, ಅದನ್ನು ಪುಸ್ತಕದಿಂದ ಮುಚ್ಚಿಕೊಂಡು ಬೋರ್ಡಿನ ಮುಂದೆ ನಿಲ್ಲುತ್ತಾರೆ. ಕರೆದರೂ ಮುಂದೆ ಬಾರದ ಹುಡುಗನಿಗೆ ಲೆಕ್ಕ ಬರುವುದಿಲ್ಲವೆಂದು ನಾವು ತಿಳಿಯುತ್ತೇವೆ! ಮೇ ತಿಂಗಳ ಕೂಟವನ್ನು ಸಮವಸ್ತ್ರಕ್ಕೇ ಮೀಸಲಿಡಿ. ಚಿಕ್ಕದಾದದ್ದನ್ನು ಸರಿಪಡಿಸಿ ಬದಲಾಯಿಸಿಕೊಳ್ಳುವ ಏರ್ಪಾಡು ಆಗಲಿ.

ಪುಡಿ ಚಿಂದಿಯ ಬಗ್ಗೆ ಒಂದು ಸುಳಿವು. ನಮ್ಮ ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡುವಾಗ ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಂದಿಗೆ ಕಲಸಿ ಬಳಸುತ್ತಾರೆ. ಡೆನಿಮ್ ಪುಡಿಗೂ ಅಂಥದೊಂದು ಪ್ರಯೋಗ ಮಾಡಿ ನೋಡಬಹುದಲ್ಲವೇ?

ಸಂಡೂರು

ಕಸೂತಿಯ ಕೆಲಸ ಮಾಡುವ ಮನೆಯವಳು ನಾನು. ನಮ್ಮ ತಾಂಡಾದ ಹೆಂಗಸರಿಗೆ ತುಂಡು ಜೋಡಿಸುವುದು, ಕನ್ನಡಿ ಕೂರಿಸುವುದು, ಅಂಚಿಗೆ ಕವಡೆ ಕಟ್ಟುವುದು ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಸಂಡೂರು ಲಂಬಾಣಿ ಕಸೂತಿಗೆ, ಅದು ಈ ಊರಿನದೇ ಕಸುಬೆಂದು ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಮಹಿಳೆಯರು ಸುಮಾರು 1,755 ತುಂಡುಗಳ ಕಸೂತಿಯನ್ನು ಒಂದೆಡೆ ಪ್ರದರ್ಶಿಸಿದ್ದು ಗಿನ್ನಿಸ್ ದಾಖಲೆಯಾಯಿತು.

ಇದನ್ನು ಹೇಳಿದ್ದು ಒಂದು ವಿನಂತಿಗಾಗಿ. ಹಳೆಯ ಜೀನ್ಸ್ ಮೇಲೆ ಕಸೂತಿ ಹಾಕಿದರೆ ಚೆಂದ ಕಾಣುತ್ತದೆ, ಕೊಳ್ಳುವವರೂ ಇದ್ದಾರೆ. ಆದರೆ ಅರ್ಧ ದಿನದಲ್ಲಿ ನೋಡಿ ಕಲಿತು ನಮ್ಮ ನಮೂನೆಗಳನ್ನು ಹಾಕಿ ‘ಲಂಬಾಣಿ ಕಸೂತಿ’ ಎಂದು ಮಾರುವುದು ಬೇಡ. ಅದು ಬೇಕೆಂದವರು ನಮ್ಮಿಂದ ಮಾಡಿಸಿಕೊಳ್ಳಲಿ. ನಿಮ್ಮ ಮನೆಯ ಹರುಕಿನ ಮೇಲೆ ನಿಮಗೆ ತೋಚಿದ ಹೂವನ್ನು ಹಾಕಿಕೊಳ್ಳಿ, ಅದನ್ನು ನಾನೇ ಕಲಿಸುತ್ತೇನೆ.

ಗಾಂಧಿನಗರ ನಿವಾಸಿ, ಬಳ್ಳಾರಿ

ಒಪ್ಪಿದೆ ಅಕ್ಕ. ಕೂಟದಲ್ಲಿ ಆದ ಯಾವ ವಸ್ತುವನ್ನೂ ಆ ಹೆಸರಿನಲ್ಲಿ ಮಾರಬಾರದು.

ಸತ್ಯನಾರಾಯಣಪೇಟೆ

ಟೈಲರ್ ಅಣ್ಣನವರಿಗೆ ಒಂದು ಪ್ರಶ್ನೆ. ಜೀನ್ಸ್ ಯಾವಾಗಲೂ ತೊಡೆಯ ಸಂದಿಯಲ್ಲೇ ಏಕೆ ಹರಿಯುತ್ತದೆ? ತೇಪೆ ಹಾಕಿಸಿದರೆ ತೇಪೆಯ ಪಕ್ಕದಲ್ಲೇ ಮತ್ತೆ ಹರಿಯುತ್ತದೆ.

ರಿಪೇರಿ ಟೈಲರ್, ಕೌಲ್‌ಬಜಾರ್

ನಾಲ್ಕು ಹೊಲಿಗೆ ಅಲ್ಲಿ ಬಂದು ಕೂಡುತ್ತವೆ. ನಡೆದಾಗ ಉಜ್ಜಾಟ, ಮೇಲೆ ಬೆವರು. ಬೈಕಿನ ಸೀಟಿನ ಮೇಲೆ ಕಾಲು ಎತ್ತಿ ಹಾಕುವಾಗ ಎಳೆತವೆಲ್ಲ ಅಲ್ಲಿಗೇ ಬೀಳುತ್ತದೆ. ತೇಪೆ ಪಕ್ಕದಲ್ಲಿ ಹರಿಯುವುದೇಕೆಂದರೆ, ಹೆಚ್ಚಿನವರು ತೂತಿನಷ್ಟಕ್ಕೇ ತೇಪೆ ಕತ್ತರಿಸುತ್ತಾರೆ. ಅದರ ಅಂಚು ಸವೆದ ಬಟ್ಟೆಯ ಮೇಲೆ ಕೂರುತ್ತದೆ. ಆ ಬಡಕಲು ಬಟ್ಟೆ ಹೊಸ ತೇಪೆಯ ಬಲವನ್ನು ತಡೆಯಲಾರದು.

ಸರಿಯಾದ ಕ್ರಮ ಹೇಳುತ್ತೇನೆ. ಪ್ಯಾಂಟನ್ನು ಬೆಳಕಿಗೆ ಹಿಡಿಯಿರಿ. ತೂತಿನ ಸುತ್ತ ಬೆಳಕು ಜಿನುಗುವ ಜಾಗವೆಲ್ಲ ಸವೆದದ್ದೇ. ಅದನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಅದರಾಚೆ ಎರಡು ಬೆರಳು ಬಿಟ್ಟು ತೇಪೆ ಕತ್ತರಿಸಿ. ಮೂಲೆಗಳು ದುಂಡಗಿರಲಿ, ಚೂಪು ಮೂಲೆ ಬೇಗ ಏಳುತ್ತದೆ. ತೂತಿನಲ್ಲಿ ನೇತಾಡುವ ಬಿಳಿ ಎಳೆಗಳನ್ನು ಕತ್ತರಿಸಬೇಡಿ. ಡೆನಿಮ್‌ನಲ್ಲಿ ಉದ್ದದ ಎಳೆ ನೀಲಿ, ಅಡ್ಡದ್ದು ಬಿಳಿ. ನೀಲಿ ಸವೆದ ಮೇಲೂ ಬಿಳಿ ಎಳೆ ಹಿಡಿದುಕೊಂಡಿರುತ್ತದೆ, ಅದು ಹೊಲಿಗೆಗೆ ಆಧಾರ. ತೇಪೆಯನ್ನು ಒಳಗಿನಿಂದ ಇಟ್ಟು, ಎರಡರ ಎಳೆಯ ದಿಕ್ಕು ಒಂದೇ ಇರುವಂತೆ ನೋಡಿ, ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ. ನಂತರ ಮಶೀನಿಗೆ 16ನೇ ನಂಬರ್ ಸೂಜಿ ಹಾಕಿ, ದಪ್ಪ ಬಟ್ಟೆಯಾದರೆ 18. ನೀಲಿ ಎಳೆಯ ದಿಕ್ಕಿನಲ್ಲೇ ಮುಂದೆ ಹಿಂದೆ ಒತ್ತೊತ್ತಾಗಿ ಹೊಲಿಯಿರಿ. ಸಾಲುಗಳು ಒಂದೇ ಗೆರೆಯಲ್ಲಿ ಮುಗಿಯಬಾರದು, ಒಂದು ಉದ್ದ ಒಂದು ಗಿಡ್ಡ ಇದ್ದರೆ ಎಳೆತ ಹಂಚಿಹೋಗುತ್ತದೆ. ನಾಲ್ಕು ಹೊಲಿಗೆ ಕೂಡುವ ಗಂಟು ಬಂದಾಗ ಸೂಜಿ ಮುರಿಯುತ್ತದೆ. ಆ ಗಂಟನ್ನು ಮೊದಲೇ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿಕೊಳ್ಳಿ.

ಜಿಪ್ ಕೆಟ್ಟಿದೆ ಎಂದಿದ್ದಿರಿ. ಹಲ್ಲು ಸರಿಯಿದ್ದು ರನ್ನರ್ ಮಾತ್ರ ಮೇಲೆ ಹೋಗಿ ಹಲ್ಲು ಕೂಡದಿದ್ದರೆ ಜಿಪ್ ಬದಲಿಸುವುದೇ ಬೇಡ. ರನ್ನರಿನ ಬಾಯಿ ಸಡಿಲವಾಗಿರುತ್ತದೆ. ಇಕ್ಕಳದಿಂದ ಎರಡೂ ಬದಿಯನ್ನು ಹಗುರವಾಗಿ ಒತ್ತಿ, ಹಲ್ಲಿಗೆ ಮೇಣದ ಬತ್ತಿ ಉಜ್ಜಿ. ಒಮ್ಮೆಲೇ ಜೋರಾಗಿ ಒತ್ತಿದರೆ ರನ್ನರ್ ಸೀಳಿಹೋಗುತ್ತದೆ.

ಸತ್ಯನಾರಾಯಣಪೇಟೆ

ಅಣ್ಣ, ಈಗಲೇ ಇಕ್ಕಳ ಹುಡುಕುತ್ತಿದ್ದೇನೆ. ಬಹಳ ಉಪಕಾರವಾಯಿತು.

ವಿದ್ಯಾರ್ಥಿನಿ, ಬಳ್ಳಾರಿ

ಹಾಸ್ಟೆಲ್ ಹುಡುಗಿಯರ ಪರವಾಗಿ ಒಂದು ಮಾತು. ಕಾರ್ಖಾನೆಯಲ್ಲೇ ಮೊಣಕಾಲು ಹರಿದು ಮಾರುವ ಜೀನ್ಸ್ ಹಾಕಿದರೆ ಅದು ಫ್ಯಾಷನ್. ನನ್ನ ಗೆಳತಿ ತೇಪೆ ಹಾಕಿದ ಚೂಡಿದಾರ ಉಟ್ಟು ಬಂದರೆ ತರಗತಿಯಲ್ಲಿ ಕಣ್ಣುಗಳು ಬೇರೆ ರೀತಿ ನೋಡುತ್ತವೆ. ಕೂಟಕ್ಕೆ ಉಳ್ಳವರು ಮೊದಲು ಬರಬೇಕು, ತಮ್ಮ ತೇಪೆಯನ್ನು ಕಚೇರಿಗೆ ಉಟ್ಟು ಹೋಗಬೇಕು. ಬಡವರ ಮಕ್ಕಳನ್ನು ಸಾಲಾಗಿ ಕೂರಿಸಿ ಫೋಟೊ ತೆಗೆಯುವುದಾದರೆ ನಾವು ಬರುವುದಿಲ್ಲ.

ಗಾಂಧಿನಗರ ನಿವಾಸಿ, ಬಳ್ಳಾರಿ

ಫೋಟೊ ಬೇಡ ತಂಗಿ. ಬಟ್ಟೆಯ ಫೋಟೊ ತೆಗೆಯೋಣ, ಮುಖದ್ದು ಬೇಡ. ಮೊದಲ ತೇಪೆ ನನ್ನ ಪ್ಯಾಂಟಿನದೇ ಇರಲಿ, ಅದನ್ನೇ ತೊಟ್ಟು ಕೆಲಸಕ್ಕೆ ಹೋಗುತ್ತೇನೆ.

ಇಲ್ಲಿಯವರೆಗಿನ ಮಾತಿನಿಂದ ಕೆಲವು ನಿರ್ಧಾರ ಆಗಿವೆ ಎಂದು ಭಾವಿಸುತ್ತೇನೆ. ಬಿಸಿಲು ಏರುವ ಮೊದಲೇ, ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ. ದೀಪ ಹಚ್ಚಿದ ಮೇಲೆ ಸೂಜಿ ಕೊಡಬಾರದು ಎನ್ನುವ ಹಿರಿಯರಿಗೂ ಬೆಳಗಿನ ಹೊತ್ತು ಒಪ್ಪಿಗೆಯಾಗುತ್ತದೆ. ಒಗೆದು ಒಣಗಿಸಿದ ಬಟ್ಟೆಯನ್ನು ಮಾತ್ರ ತರಬೇಕು, ತಂದವರು ಕೂತೇ ಹೋಗಬೇಕು. ಟೈಲರ್‌ಗಳ, ಕೌದಿ ಅಕ್ಕನ, ಸಂಡೂರಿನ ಅಕ್ಕನ ಸಂಬಳವನ್ನು ಕೂಟ ಶುರುವಾಗುವ ಮೊದಲೇ ಕೈಗೆ ಕೊಡೋಣ. ಸಿಂಧನೂರಿಗೆ ಅಂಗಿಗಳು ಹತ್ತಿ ಬಿಡಿಸುವ ಕಾಲಕ್ಕೆ ಮುಂಚೆ ಸಿದ್ಧವಾಗಬೇಕು. ಸಮವಸ್ತ್ರಕ್ಕೆ ಮೇ ತಿಂಗಳು. ಜಾಗದ ಪ್ರಶ್ನೆ ಮಾತ್ರ ಉಳಿದಿದೆ. ನಮ್ಮ ಓಣಿಯ ಸಮುದಾಯ ಭವನ ಕೇಳುತ್ತಿದ್ದೇನೆ.

ಕುರುಗೋಡು ಕಡೆಯ ಅಕ್ಕ

ಭವನದಲ್ಲಿ ಕುರ್ಚಿ ಬೇಡ ತಮ್ಮ. ಕೌದಿಗೆ ನೆಲ ಬೇಕು. ಒಂದು ದೊಡ್ಡ ಜಮಖಾನೆ ತರಿಸು.

ರಿಪೇರಿ ಟೈಲರ್, ಕೌಲ್‌ಬಜಾರ್

ಕರೆಂಟ್ ನಂಬಿಕೊಳ್ಳಬೇಡಿ. ಕಾಲಿನಿಂದ ತುಳಿಯುವ ಮಶೀನು ನನ್ನದೊಂದು ಬರುತ್ತದೆ, ನನ್ನ ಪಕ್ಕದವನದೂ ಒಂದು ತರಿಸುತ್ತೇನೆ. ಗಾಡಿ ಬಾಡಿಗೆ ನಿಮ್ಮದು. 16 ಮತ್ತು 18ನೇ ನಂಬರಿನ ಸೂಜಿಗಳನ್ನು ಪ್ಯಾಕೆಟ್ ಲೆಕ್ಕದಲ್ಲಿ ತನ್ನಿ. ಕಲಿಯುವವರ ಕೈಯಲ್ಲಿ ಸೂಜಿ ಬಹಳ ಮುರಿಯುತ್ತವೆ.